ಇಕ್ಕಟ್ಟಾದ ಬಾಗಿಲಿನಿಂದ ಸುರುಳಿ ಮೆಟ್ಟಿಲಿಗೆ

ಕೆಲವು ಪುಸ್ತಕಗಳ ಬಗ್ಗೆ ನಾವು ಓದುವ ಮುನ್ನವೇ ತೀರ್ಪು ಕೊಟ್ಟುಬಿಟ್ಟಿರುತ್ತೇವೆ. ನಾನು ಗುರುಮಠದಲ್ಲಿ ಓದುತ್ತಿದ್ದಾಗ ಕರೆನ್ ಆರ್ಮ್‌ಸ್ಟ್ರಾಂಗ್ ಅವರ ಹೆಸರು ಒಮ್ಮೆ ಊಟದ ಮೇಜಿನ ಬಳಿ ಬಂತು. "ಮಠ ಬಿಟ್ಟವರು ಮಠದ ಬಗ್ಗೆ ಬರೆದದ್ದರಲ್ಲಿ ಹುಳಿಯಲ್ಲದೆ ಇನ್ನೇನಿದ್ದೀತು?" ಎಂದರು ಹಿರಿಯರೊಬ್ಬರು. ನಾವೆಲ್ಲ ನಕ್ಕೆವು. ನಾನಂತೂ ಆ ಮಾತನ್ನು ಬಹುಕಾಲ ನನ್ನದೇ ಅಭಿಪ್ರಾಯವೆಂಬಂತೆ ಹೊತ್ತು ತಿರುಗಿದೆ. ಕಡೆಗೂ ಆ ಪುಸ್ತಕಗಳನ್ನು ಹುಡುಕಿ ಓದುವಂತೆ ಮಾಡಿದ್ದು ಒಂದು ಇನ್ನೂರು ಪುಟದ ನೋಟ್‌ಬುಕ್ಕು.

ಅದನ್ನು ತಂದುಕೊಟ್ಟವಳು ಒಬ್ಬ ಯುವತಿ. ಆರು ವರ್ಷ ಒಂದು ಪ್ರಾರ್ಥನಾ ಗುಂಪಿನಲ್ಲಿದ್ದು ಹೊರಬಂದಿದ್ದಳು. ಯಾರೊಡನೆ ಮಾತನಾಡಬೇಕು, ಸಂಬಳದಲ್ಲಿ ಎಷ್ಟು ಇಟ್ಟುಕೊಳ್ಳಬೇಕು, ತಾಯಿಯನ್ನು ನೋಡಲು ಊರಿಗೆ ಹೋಗಬಹುದೇ ಬಾರದೇ ಎಂಬುದನ್ನೆಲ್ಲ ಅಲ್ಲಿ ನಾಯಕರೇ ನಿರ್ಧರಿಸುತ್ತಿದ್ದರು. "ಓದಿ ನೋಡಿ ಫಾದರ್" ಎಂದಳು. ಓದಿದೆ. ಬಳಿಕ ನಾನು ಹೇಳಿದ್ದು ಎರಡೇ ಮಾತು. ಕೋಪ ಸ್ವಲ್ಪ ಹೆಚ್ಚಾಯಿತು ಎಂಬುದು ಮೊದಲನೆಯದು. "ಕೊನೆಯಲ್ಲಿ, ಅವರನ್ನೆಲ್ಲ ಕ್ಷಮಿಸಿದ್ದೇನೆ ಎಂದು ಒಂದು ಪುಟ ಸೇರಿಸು ಮಗಳೇ, ಮನಸ್ಸು ಹಗುರವಾಗುತ್ತದೆ" ಎಂಬುದು ಎರಡನೆಯದು. ಆಕೆ ನೋಟ್‌ಬುಕ್ಕನ್ನು ಕೈಗೆತ್ತಿಕೊಂಡು, "ಅಲ್ಲಿಯೂ ಹೀಗೆಯೇ ಬರೆಸುತ್ತಿದ್ದರು ಫಾದರ್" ಎಂದು ಹೇಳಿ ಎದ್ದು ಹೋದಳು.

ಆ ಮಾತು ನನ್ನನ್ನು ಚುಚ್ಚುತ್ತಲೇ ಇದ್ದಾಗ ಆರ್ಮ್‌ಸ್ಟ್ರಾಂಗ್ ಅವರನ್ನು ಓದಲಾರಂಭಿಸಿದೆ. ಅವರ ಆತ್ಮಕಥನ ಒಂದಲ್ಲ, ಮೂರು. 1981ರಲ್ಲಿ 'ಥ್ರೂ ದ ನ್ಯಾರೋ ಗೇಟ್', 1983ರಲ್ಲಿ 'ಬಿಗಿನಿಂಗ್ ದ ವರ್ಲ್ಡ್', 2004ರಲ್ಲಿ 'ದ ಸ್ಪೈರಲ್ ಸ್ಟೇರ್‌ಕೇಸ್'. ಈ ಮೂರರಲ್ಲಿ ನಡುವಿನದು ಕೆಟ್ಟ ಪುಸ್ತಕವೆಂದು ಸ್ವತಃ ಲೇಖಕಿಯೇ ಒಪ್ಪಿಕೊಂಡಿದ್ದಾರೆ. ನನ್ನ ಮಟ್ಟಿಗೆ ಮೂರರಲ್ಲಿ ಹೆಚ್ಚು ಕಲಿಸಿದ್ದು ಆ ಸೋತ ಪುಸ್ತಕದ ಕಥೆಯೇ.

ಆರ್ಮ್‌ಸ್ಟ್ರಾಂಗ್ ಇಂಗ್ಲೆಂಡಿನವರು. 1962ರ ಸೆಪ್ಟೆಂಬರಿನಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಶಾಲೆಗಳನ್ನು ನಡೆಸುತ್ತಿದ್ದ ಒಂದು ಕನ್ಯಾಮಠವನ್ನು ಸೇರಿದರು. ಮರುತಿಂಗಳು 11ರಂದು ರೋಮಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಆರಂಭವಾಯಿತು. ಸನ್ಯಸ್ತ ಜೀವನದ ನವೀಕರಣ ಕುರಿತ ಅದರ ಆಜ್ಞಾಪತ್ರ ಹೊರಬರಲು 1965ರ ಅಕ್ಟೋಬರ್ ಆಗಬೇಕಾಯಿತು. ಹೀಗಾಗಿ ಹಳೆಯ ಪದ್ಧತಿಯಲ್ಲಿ ತರಬೇತಿ ಪಡೆದ ಕೊನೆಯ ತಂಡಗಳಲ್ಲೊಂದಕ್ಕೆ ಈ ಹುಡುಗಿ ಸೇರಿದಂತಾಯಿತು. ಏಳು ವರ್ಷಗಳ ನಂತರ, 1969ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿರುವಾಗಲೇ ವ್ರತಗಳಿಂದ ಬಿಡುಗಡೆ ಪಡೆದು ಹೊರಬಂದರು. ವಿಶ್ವವಿದ್ಯಾನಿಲಯದಲ್ಲಿ ಹಗಲು 'ನೀನು ಏನು ಯೋಚಿಸುತ್ತೀ?' ಎಂಬ ಪ್ರಶ್ನೆ, ಮಠದಲ್ಲಿ ಸಂಜೆ 'ನೀನು ಯೋಚಿಸಬೇಡ' ಎಂಬ ಆಜ್ಞೆ. ಎರಡರ ನಡುವೆ ಆ ಮನಸ್ಸು ಸೀಳಿತು.

ಮೊದಲನೆಯ ಪುಸ್ತಕದಲ್ಲಿ ಬರುವ ಹೊಲಿಗೆ ಯಂತ್ರದ ಪ್ರಸಂಗ ಯಾರೂ ಮರೆಯುವಂಥದ್ದಲ್ಲ. ಕಾಲಿನಿಂದ ತುಳಿಯುವ ಯಂತ್ರವೊಂದರ ಮುಂದೆ ನವಶಿಷ್ಯೆಯನ್ನು ಅಭ್ಯಾಸಕ್ಕೆ ಕೂರಿಸುತ್ತಾರೆ. ಅದರಲ್ಲಿ ಸೂಜಿಯೇ ಇಲ್ಲ. ಇಲ್ಲವೆಂದು ಹೇಳಿದ್ದೇ ಅವಿಧೇಯತೆಯಾಗುತ್ತದೆ. ಬಳಿಕ ಸೂಜಿಯಿಲ್ಲದ ಆ ಯಂತ್ರವನ್ನು ದಿನವೂ ತುಳಿಯುವುದೇ ಆಕೆಗೆ ವಿಧೇಯತೆಯ ಪಾಠ.

ಒಣಕೋಲಿಗೆ ನೀರೆರೆದ ಮರುಭೂಮಿಯ ಸನ್ಯಾಸಿಯ ಕಥೆಯನ್ನು ಗುರುಮಠದಲ್ಲಿ ನಮಗೂ ಹೇಳುತ್ತಿದ್ದರು. ಒಂದು ಪಾಠದಲ್ಲಿ ಮೂರು ವರ್ಷಗಳ ನಂತರ ಆ ಕೋಲು ಚಿಗುರಿ ಫಲ ಕೊಡುತ್ತದೆ. ಸಂತ ಕಾಸಿಯಾನರ ಬರಹದಲ್ಲಿ ಮಾತ್ರ, ವರ್ಷವಿಡೀ ನೀರೆರೆಸಿದ ಮೇಲೆ ಹಿರಿಯ ಗುರು ಅದನ್ನು ಕಿತ್ತೆಸೆಯುತ್ತಾನೆ. ಪ್ರಬೋಧನೆಗಳಲ್ಲಿ ನಾವು ಎತ್ತಿಕೊಳ್ಳುವುದು ಚಿಗುರಿದ ಕೋಲನ್ನೇ. ಎರಡು ಪಾಠಗಳಲ್ಲಿಯೂ ನೀರು ಹೊತ್ತವನಿಗೆ ಏನನ್ನಿಸಿತು ಎಂಬುದಿಲ್ಲ. 'ಥ್ರೂ ದ ನ್ಯಾರೋ ಗೇಟ್' ನೀರು ಹೊತ್ತವಳು ಬರೆದ ಪುಸ್ತಕ. ನಮಗೆ ಅದು ಇರಿಸುಮುರಿಸಾಗುವುದು ಆ ಕಾರಣಕ್ಕೆ, ಹುಳಿಯ ಕಾರಣಕ್ಕಲ್ಲ. ಹುಳಿಯನ್ನು ಹುಡುಕುತ್ತಲೇ ಓದಿದ ನನಗೆ ಸಿಕ್ಕಿದ್ದು ಬೇರೆಯೇ. ಮೌನದ ಸೊಗಸು, ಬಲಿಪೂಜೆಯ ಗಾಂಭೀರ್ಯ, ದೇವರಿಗೆ ಪೂರ್ತಿಯಾಗಿ ಸಲ್ಲಬೇಕೆಂಬ ಆ ಹುಡುಗಿಯ ನಿಜವಾದ ಹಸಿವು ಆ ಪುಟಗಳಲ್ಲಿವೆ. ಅಷ್ಟು ಕಷ್ಟವಿದ್ದರೆ ಏಳು ವರ್ಷ ಏಕೆ ಇದ್ದಳು ಎಂಬ ಪ್ರಶ್ನೆಗೆ ಪುಸ್ತಕ ಪ್ರಾಮಾಣಿಕವಾಗಿ ಉತ್ತರಿಸುತ್ತದೆ: ಅಲ್ಲಿ ಆಕೆಗೆ ಬೇಕಾದದ್ದು ಏನೋ ಇತ್ತು. ಬರಿಯ ದೂರು ಬರೆಯುವವರು ಈ ಉತ್ತರವನ್ನು ಕೊಡಲಾರರು, ಕೊಟ್ಟರೆ ದೂರಿನ ಬಲ ಕುಗ್ಗೀತೆಂಬ ಭಯ ಅವರಿಗೆ.

ಸನ್ಯಾಸಿನಿಯರ ಸಭೆಯನ್ನು 'ಹಿಡಿತದ ಪಂಥ' ಎನ್ನಲು ನಾನು ಒಪ್ಪುವುದಿಲ್ಲ. ಆದರೆ ಕೆಲವು ಕಾಲಗಳಲ್ಲಿ ಕೆಲವು ಮನೆಗಳಲ್ಲಿ ಹಿಡಿತದ ವಿಧಾನಗಳು ಇದ್ದವು ಎಂಬುದನ್ನು ಅಲ್ಲಗಳೆಯಲಾರೆ. ಮಠದಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತೆ ಮತ್ತೆ ಪ್ರಜ್ಞೆ ತಪ್ಪಿ ಬೀಳುತ್ತಿದ್ದರು. ಅದನ್ನು ಭಾವುಕತೆಯ ದೌರ್ಬಲ್ಯವೆಂದೇ ಎಣಿಸಲಾಯಿತು. ಅದು ಮೂರ್ಛೆರೋಗವೆಂದು ತಿಳಿದದ್ದು 1976ರಲ್ಲಿ. ಹೊರಬಂದ ಮೇಲೆ ಅವರನ್ನು ನೋಡಿದ ಮನೋವೈದ್ಯರೂ ಮಠದವರಂತೆಯೇ ಅದನ್ನು ಕಾಣದೆ ಹೋದರೆಂಬುದನ್ನು ಇಲ್ಲಿ ಸೇರಿಸಿ ಹೇಳಬೇಕು. ಒಬ್ಬ ವ್ಯಕ್ತಿ ತನ್ನ ದೇಹದ ಬಗ್ಗೆ ಹೇಳುವ ಮಾತನ್ನು ಕೇಳದಿರುವುದು ಮಠಕ್ಕಷ್ಟೇ ಸೀಮಿತವಾದ ದೋಷವಲ್ಲ.

ಬರವಣಿಗೆಯ ವಿಷಯಕ್ಕೆ ಬರುತ್ತೇನೆ. ಬರೆಯುವುದರಿಂದ ಗಾಯ ಮಾಯುತ್ತದೆ ಎಂದು ಇಂದು ಎಲ್ಲೆಡೆ ಕೇಳುತ್ತೇವೆ. ಆದರೆ ಹಿಡಿತವಿಟ್ಟುಕೊಳ್ಳುವವರೂ ಬರೆಸುತ್ತಾರೆ ಎಂಬುದನ್ನು ಮರೆಯುತ್ತೇವೆ. ಅಮೆರಿಕದ ಮನೋವೈದ್ಯ ರಾಬರ್ಟ್ ಲಿಫ್ಟನ್ 1954–55ರಲ್ಲಿ ಹಾಂಗ್‌ಕಾಂಗ್‌ನಲ್ಲಿ, ಚೀನಾದ 'ಚಿಂತನಾ ಸುಧಾರಣೆ'ಗೆ ಗುರಿಯಾಗಿ ಹೊರಬಂದಿದ್ದ 25 ಮಂದಿ ಪಾಶ್ಚಾತ್ಯರನ್ನೂ 15 ಮಂದಿ ಚೀನೀಯರನ್ನೂ ಸಂದರ್ಶಿಸಿದರು. ಅವರಲ್ಲಿ ನಮ್ಮ ಮಿಷನರಿ ಗುರುಗಳೂ ಇದ್ದರು. ಸೆರೆಮನೆಯಲ್ಲಿ ಅವರಿಂದ ತಪ್ಪೊಪ್ಪಿಗೆಗಳನ್ನು ಬರೆಸಿ, ತಿದ್ದಿಸಿ, ಅಧಿಕಾರಿಗೆ ತೃಪ್ತಿಯಾಗುವವರೆಗೆ ಮತ್ತೆ ಮತ್ತೆ ಬರೆಸಲಾಗುತ್ತಿತ್ತು. 1961ರಲ್ಲಿ ಬಂದ ಲಿಫ್ಟನ್‌ರ ಗ್ರಂಥ, ಸಂಪೂರ್ಣ ಹಿಡಿತದ ಎಂಟು ಲಕ್ಷಣಗಳಲ್ಲಿ ಈ ತಪ್ಪೊಪ್ಪಿಗೆಯ ಗೀಳನ್ನೂ ಒಂದೆಂದು ಗುರುತಿಸುತ್ತದೆ. ನಮ್ಮ ಕಾಲದ ಗುರುಮಠದಲ್ಲಿ ದಿನದ ಲೋಪಗಳನ್ನು ಗುರುತು ಹಾಕುವ ಪುಟ್ಟ ಪುಸ್ತಕ ನನ್ನ ಜೇಬಿನಲ್ಲಿಯೂ ಇತ್ತು. ಆತ್ಮಪರಿಶೀಲನೆ ಒಳ್ಳೆಯದೇ, ಇಂದಿಗೂ ಮಾಡುತ್ತೇನೆ. ಆದರೆ ಆ ಪುಸ್ತಕವನ್ನು ಇನ್ನೊಬ್ಬರು ಕೇಳಿ ಪಡೆದು ಓದುವ ದಿನ ಅದು ಪರಿಶೀಲನೆಯಾಗಿ ಉಳಿಯುವುದಿಲ್ಲ. ಅಂಥ ಗುಂಪಿನಿಂದ ಬಂದವರಿಗೆ 'ಬರೆ, ಗುಣವಾಗುತ್ತದೆ' ಎಂದರೆ, ಹೊಡೆದ ಕೋಲನ್ನೇ ಊರುಗೋಲಾಗಿ ಕೊಟ್ಟಂತಾದೀತು. ನನ್ನ 'ಒಂದು ಪುಟ ಸೇರಿಸು' ಆ ಯುವತಿಗೆ ಹೇಗೆ ಕೇಳಿಸಿತೆಂದು ಲಿಫ್ಟನ್‌ರನ್ನು ಓದಿದ ಮೇಲೆ ಅರ್ಥವಾಯಿತು.

ಇನ್ನು ಆ ನಡುವಿನ ಪುಸ್ತಕ. 'ಬಿಗಿನಿಂಗ್ ದ ವರ್ಲ್ಡ್' ಮಠ ಬಿಟ್ಟ ನಂತರದ ವರ್ಷಗಳ ಕಥೆ. ತನ್ನನ್ನು ಆದಷ್ಟು ಲವಲವಿಕೆಯ, ಆಶಾದಾಯಕ ವ್ಯಕ್ತಿಯಾಗಿ ತೋರಿಸಿಕೊಳ್ಳಬೇಕೆಂಬ ಸಲಹೆ ಲೇಖಕಿಗೆ ಆಗ ಸಿಕ್ಕಿತ್ತು. ಆ ವರ್ಷಗಳನ್ನು ಕುರಿತು ಬರೆಯಲು ಅದು ತೀರ ಬೇಗವೂ ಆಗಿತ್ತು. ಇಪ್ಪತ್ತೊಂದು ವರ್ಷಗಳ ಬಳಿಕ 'ದ ಸ್ಪೈರಲ್ ಸ್ಟೇರ್‌ಕೇಸ್'ನ ಮುನ್ನುಡಿಯಲ್ಲಿ ಇದನ್ನೆಲ್ಲ ಒಪ್ಪಿಕೊಂಡು, ಆ ಪುಸ್ತಕ ಈಗ ಅಚ್ಚಿನಲ್ಲಿಲ್ಲದ್ದಕ್ಕೆ ಸಮಾಧಾನಪಡುತ್ತಾರೆ. ಯೋಚಿಸಿ ನೋಡಿ. ಮದರ್ ಒಬ್ಬರ ಇಚ್ಛೆಯಂತೆ ಏಳು ವರ್ಷ ಬದುಕಿದವರು ಹೊರಬಂದು, ಪುಸ್ತಕದ ಮಾರುಕಟ್ಟೆಯ ಇಚ್ಛೆಯಂತೆ ತಮ್ಮ ಬದುಕನ್ನು ಬರೆದರು. ಒಂದೆಡೆ ನಮ್ರಳಾಗಿ ಕಾಣಬೇಕಿತ್ತು, ಇನ್ನೊಂದೆಡೆ ಗೆದ್ದವಳಾಗಿ. ಎರಡರಲ್ಲಿಯೂ 'ನಾನು' ಎಂಬ ಮಾತನ್ನು ಬೇರೊಬ್ಬರು ಬರೆದುಕೊಡುತ್ತಿದ್ದರು. ಅದರಿಂದ ಗಾಯ ಮಾಯಲಿಲ್ಲ, ಬರಿಯ ಮುಚ್ಚಿಕೊಂಡಿತು.

ಮೂರನೆಯ ಪುಸ್ತಕ ಅದೇ ವರ್ಷಗಳನ್ನು ಮತ್ತೆ ಬರೆಯುತ್ತದೆ. ಆರಂಭದ ದೃಶ್ಯವನ್ನೇ ಗಮನಿಸಿ. ಮಠ ಬಿಟ್ಟು ಕೆಲವೇ ವಾರಗಳಾಗಿವೆ. ಕಾಲೇಜಿನ ಊಟದ ಮನೆಗೆ ತಡವಾಗಿ ಬಂದ ಆಕೆ, ನೂರಾರು ವಿದ್ಯಾರ್ಥಿನಿಯರ ಮುಂದೆ ಅಭ್ಯಾಸಬಲದಿಂದ ಮೊಣಕಾಲೂರಿ ನೆಲಕ್ಕೆ ಮುತ್ತಿಡುತ್ತಾಳೆ. ಮನಸ್ಸು ಹೊರಬಂದಿದೆ, ಮೊಣಕಾಲು ಇನ್ನೂ ಬಂದಿಲ್ಲ. ಊಟ ಸೇರದ ತಿಂಗಳುಗಳು, ಟೆನಿಸನ್ ಕವಿಯ ಮೇಲಿನ ಪ್ರಬಂಧ ತಿರಸ್ಕೃತವಾಗಿ ಕೈತಪ್ಪಿದ ಡಾಕ್ಟರೇಟ್, ಶಾಲೆಯ ಕೆಲಸ ಹೋದದ್ದು ಎಲ್ಲವೂ ಇಲ್ಲಿವೆ, ಯಾವುದಕ್ಕೂ ನಗೆಯ ಬಣ್ಣ ಬಳಿದಿಲ್ಲ. ನನ್ನನ್ನು ಬಹಳ ತಡೆದು ನಿಲ್ಲಿಸಿದ ಭಾಗವೊಂದಿದೆ. ಆಕ್ಸ್‌ಫರ್ಡ್‌ನ ನಾಸ್ತಿಕ ಕುಟುಂಬವೊಂದರ ಮನೆಯಲ್ಲಿ ಅವರು ವಾಸವಾಗಿರುತ್ತಾರೆ. ಆ ಮನೆಯ ವಿಶೇಷಚೇತನ ಬಾಲಕನನ್ನು, ತಾವೇ ವಿಶ್ವಾಸ ಕಳೆದುಕೊಳ್ಳುತ್ತಿದ್ದ ದಿನಗಳಲ್ಲಿ, ದೊಮಿನಿಕನ್ ಗುರುಗಳ ದೇವಾಲಯಕ್ಕೆ ಬಲಿಪೂಜೆಗೆ ಕರೆದೊಯ್ಯುತ್ತಾರೆ. ಇದನ್ನು ಅವರು ತಮ್ಮ ಪುಣ್ಯವೆಂದೂ ಬರೆಯುವುದಿಲ್ಲ, ವ್ಯಂಗ್ಯವೆಂದೂ ಬರೆಯುವುದಿಲ್ಲ. ನಡೆದದ್ದು ಹೀಗೆ ಎನ್ನುತ್ತಾರೆ, ಅಷ್ಟೇ. ಗುಣವಾಗುತ್ತಿರುವವರ ಗದ್ಯ ಹೀಗಿರುತ್ತದೆಂದು ನನಗೆ ತೋರಿತು.

ಎಲಿಯಟ್ ಕವಿಯ 'ಆ್ಯಶ್ ವೆನ್ಸ್‌ಡೇ' ಕವಿತೆಯಿಂದ ಈ ಪುಸ್ತಕದ ಹೆಸರು ಬಂದಿದೆ. ಸುರುಳಿ ಮೆಟ್ಟಿಲು ಹತ್ತುವವರು ಸುತ್ತಿ ಸುತ್ತಿ ಅದೇ ಜಾಗಕ್ಕೆ ಬಂದಂತೆ ಕಂಡರೂ ಪ್ರತಿಸಲ ಒಂದು ಸುತ್ತು ಮೇಲಿರುತ್ತಾರೆ. ಹೋಲಿಕೆ ಸೊಗಸಾಗಿದೆ, ಆದರೆ ಕೊನೆಯ ಅಧ್ಯಾಯಗಳಲ್ಲಿ ಅದು ಸ್ವಲ್ಪ ಸಲೀಸಾಗಿಬಿಟ್ಟಿದೆ ಎಂಬುದು ನನ್ನ ತಕರಾರು. ಧರ್ಮಗಳ ಅಧ್ಯಯನ, 1993ರ 'ಎ ಹಿಸ್ಟರಿ ಆಫ್ ಗಾಡ್', ಅನುಕಂಪವೇ ಎಲ್ಲ ಧರ್ಮಗಳ ತಿರುಳೆಂಬ ಅರಿವು, ಎಲ್ಲವೂ ಬೇಗಬೇಗನೆ ಸರಿಹೊಂದಿಕೊಳ್ಳುತ್ತವೆ. ಊಟದ ಮನೆಯಲ್ಲಿ ಮೊಣಕಾಲೂರಿದವಳು ಅಲ್ಲಿ ಕಾಣೆಯಾಗುತ್ತಾಳೆ. ಅವರು ಮುಟ್ಟಿದ ತೀರ್ಮಾನಗಳನ್ನು ಗುರುವಾದ ನಾನು ಒಪ್ಪಲಾರೆ ಎಂಬುದು ಬೇರೆ ಮಾತು. ಒಪ್ಪದಿರುವುದು ಅವರ ಸಾಕ್ಷ್ಯವನ್ನು ಕೇಳದಿರಲು ಕಾರಣವಾಗದು.

ಬರವಣಿಗೆಯ ಚಿಕಿತ್ಸಾಗುಣ ಕುರಿತು ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು. 46 ಮಂದಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದರು. ನೋವಿನ ಘಟನೆಯನ್ನೂ ಅದರ ಭಾವನೆಯನ್ನೂ ಕೂಡಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಕಡಿಮೆ. ಆದರೆ ಬರೆದೆದ್ದ ಆ ಹೊತ್ತಿನಲ್ಲಿ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು, ರಕ್ತದೊತ್ತಡ ಏರಿತ್ತು. ನಂತರದ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಲಾಭ ಇದೆ, ಆದರೆ ಸಣ್ಣದು ಎಂದೇ ಕಂಡುಬಂದಿದೆ. ಪವಾಡವನ್ನು ನಿರೀಕ್ಷಿಸುವವರು ಇದನ್ನು ತಿಳಿದಿರಲಿ.

ನಮ್ಮ ಪರಂಪರೆಯಲ್ಲಿಯೇ ಒಬ್ಬರಿದ್ದಾರೆ. ಸಂತ ಅಗಸ್ಟಿನರು ಮಾನಿಯ ಪಂಥದಲ್ಲಿ ಸುಮಾರು ಒಂಬತ್ತು ವರ್ಷ ಶ್ರೋತೃವಾಗಿದ್ದು ಹೊರಬಂದವರು. 387ರಲ್ಲಿ ಜ್ಞಾನಸ್ನಾನ ಪಡೆದರು. ಕೂಡಲೇ ಬರೆದದ್ದು ಆ ಪಂಥವನ್ನು ಖಂಡಿಸುವ ಗ್ರಂಥಗಳನ್ನು. 'ಕನ್ಫೆಷನ್ಸ್' ಬಂದದ್ದು ಸುಮಾರು ಹತ್ತು ವರ್ಷಗಳ ನಂತರ. ಖಂಡನೆಯ ಗ್ರಂಥಗಳಲ್ಲಿ ಅವರ ವಾದವಿದೆ, ಇದರಲ್ಲಿ ಅವರೇ ಇದ್ದಾರೆ. ಖಂಡನೆ ಬರೆಯುತ್ತಿದ್ದ ಅಗಸ್ಟಿನರ ಬಳಿ ಯಾರಾದರೂ ಬಂದು, ಕೋಪ ಹೆಚ್ಚಾಯಿತು, ಕೊನೆಗೊಂದು ಪುಟ ಸೇರಿಸಿ ಎಂದಿದ್ದರೆ ಏನಾಗುತ್ತಿತ್ತೋ!

ಕಳೆದ ತಪಸ್ಸುಕಾಲದಲ್ಲಿ ಆ ಯುವತಿಯನ್ನು ದೇವಾಲಯದ ಹೊರಗೆ ಕಂಡೆ. ಅಂದು ನಾನು ಹೇಳಿದ ಎರಡೂ ಮಾತುಗಳನ್ನು ಹಿಂತೆಗೆದುಕೊಳ್ಳುತ್ತೇನೆ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯಿತು ಫಾದರ್" ಎಂದಳು. ನೋಟ್‌ಬುಕ್ಕಿನ ವಿಷಯ ಎತ್ತಲಿಲ್ಲ. ನಾನೂ ಕೇಳಲಿಲ್ಲ.