ತಿಥಿಯ ಕುರಿ ಯಾರದು?

‘ತಿಥಿ’ ಸಿನಿಮಾದ ಬಗ್ಗೆ ಮಂಡ್ಯದವರಾದ ನಮಗೆ ಸ್ವಲ್ಪ ಜಂಬವೇ ಇದೆ. ನಮ್ಮ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಬಣ್ಣ ಹಚ್ಚಿ ಗೊತ್ತಿಲ್ಲದ ಹಳ್ಳಿಯ ಜನರನ್ನೇ ನಿಲ್ಲಿಸಿ, ನಮ್ಮ ಮಾತನ್ನೇ ಆಡಿಸಿ ತೆಗೆದ ಚಿತ್ರ ಅದು. ನಿರ್ದೇಶಕರು ರಾಮ್ ರೆಡ್ಡಿ. ಅವರೊಂದಿಗೆ ಕೂತು ಬರೆದವರು ಆ ಊರನ್ನು ಒಳಗಿನಿಂದ ಬಲ್ಲ ಈರೇಗೌಡ. 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಪಡೆದು, 2016ರ ಮೇ ತಿಂಗಳಲ್ಲಿ ನಮ್ಮ ಟಾಕೀಸುಗಳಿಗೆ ಬಂತು. ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಗಡ್ಡಪ್ಪ, ಸೆಂಚುರಿ ಗೌಡ ಮನೆಮಾತಾದರು. ಅವರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ಹೇಳಬೇಕಿರುವುದು ಆ ಚಿತ್ರದ ಕುರಿಯವರ ಮಾತು.

ನೋಡದವರಿಗಾಗಿ ಕಥೆ ಇಷ್ಟು. 101 ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ. ಹಿರಿಮಗ ಗಡ್ಡಪ್ಪನಿಗೆ ಜಮೀನೂ ಬೇಡ, ಮನೆಯೂ ಬೇಡ. ಹೊಲದ ದಾರಿಯಲ್ಲಿ ಬೀಡಿ ಸೇದುತ್ತ ಅಲೆಯುವುದಷ್ಟೇ ಬೇಕು. ಅವನ ಮಗ ತಮ್ಮಣ್ಣ ತಾತನ ಹೆಸರಿನಲ್ಲಿರುವ 5 ಎಕರೆ ಮಾರಲು ಅಪ್ಪನನ್ನೇ ಸತ್ತವನೆಂದು ಕಾಗದದಲ್ಲಿ ತೋರಿಸಿ, ಕೈಗೆ ದುಡ್ಡು ಕೊಟ್ಟು ಊರು ಬಿಡಿಸುತ್ತಾನೆ. ಗಡ್ಡಪ್ಪ ಹೋಗಿ ಸೇರುವುದು ಅಲ್ಲೇ ಬೀಡುಬಿಟ್ಟ ಕುರಿಯವರನ್ನು. ಮೊಮ್ಮಗ ಅಭಿ ಅದೇ ಬೀಡಿನ ಹುಡುಗಿ ಕಾವೇರಿಯ ಹಿಂದೆ ಬಿದ್ದಿರುತ್ತಾನೆ. ತಿಥಿಯ ಬಾಡೂಟಕ್ಕೆ ಬೇಕಾದ ಕುರಿಗಳನ್ನು ಹುಡುಗರು ಕದಿಯುವುದೂ ಅದೇ ಮಂದೆಯಿಂದ.

ಹೀಗೆ ಚಿತ್ರ ಮೂರು ಸಲ ಕುರಿಯವರ ಹತ್ತಿರ ಹೋಗುತ್ತದೆ. ಅಜ್ಜನಿಗೆ ನೆಮ್ಮದಿ ಬೇಕಾದಾಗ, ಮೊಮ್ಮಗನಿಗೆ ಹೆಣ್ಣು ಬೇಕಾದಾಗ, ಮನೆಗೆ ಬಾಡು ಬೇಕಾದಾಗ. ಮೂರು ತಲೆಮಾರಿನ ಗಂಡಸರೂ ಬೇಕಾದ್ದನ್ನು ಅಲ್ಲಿಂದ ತರುತ್ತಾರೆ. ಮನೆಯವರೆದುರು ಬಾಯಿ ಬಿಡದ ಗಡ್ಡಪ್ಪ ತನ್ನ ಬದುಕಿನ ಕಹಿಯನ್ನೆಲ್ಲ ಬೆಂಕಿಯ ಮುಂದೆ ಕೂತು ಕುರಿಯವರಿಗೆ ಹೇಳುವ ಇರುಳಿನ ದೃಶ್ಯ ನನ್ನ ಮಟ್ಟಿಗೆ ಇಡೀ ಚಿತ್ರದ ಜೀವ. ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಆದರೆ ಅವರ ಕಥೆಯನ್ನು ಯಾರು ಕೇಳಿದರು? ಈ ಜನ ಎಲ್ಲಿಂದ ಬಂದರು, ಯಾರ ಹೊಲದಲ್ಲಿ ಇಳಿದಿದ್ದಾರೆ, ಯಾವ ಕರಾರಿನ ಮೇಲೆ, ಮುಂದೆ ಎಲ್ಲಿಗೆ? ಚಿತ್ರಕ್ಕೆ ಇದರ ಗೊಡವೆ ಇಲ್ಲ. ತಮ್ಮಣ್ಣನ ಜಮೀನಿನ ಕಾಗದಪತ್ರವನ್ನು ಎಳೆ ಎಳೆಯಾಗಿ ಬಿಡಿಸಿದವರು ಇದನ್ನು ಮಾತ್ರ ಬಿಟ್ಟರು.

ಗೊಡವೆ ಇರಬೇಕಿತ್ತು ಎನ್ನಲು ಕಾರಣವಿದೆ. ನಮ್ಮ ಕಡೆ ಕುರಿಯವರು ಬರುವುದು ಬಯಲು ಚೆನ್ನಾಗಿದೆ ಎಂದಲ್ಲ. ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲಿ ಕೂಳೆ ಉಳಿಯುತ್ತದೆ, ಬದುವಿನಲ್ಲಿ ಹಸಿರಿರುತ್ತದೆ. ಕುರಿ ಅದನ್ನು ಮೇಯುತ್ತದೆ. ರಾತ್ರಿ ಅದೇ ಗದ್ದೆಯಲ್ಲಿ ಬಲೆ ಕಟ್ಟಿ ಮಂದೆ ಹಾಕುತ್ತಾರೆ. ಹಿಕ್ಕೆ ಗಂಜಲ ಎರಡೂ ಮಣ್ಣಿಗೆ. ಇಷ್ಟು ರಾತ್ರಿಗೆ ಇಷ್ಟು ರಾಗಿ, ಭತ್ತ ಇಲ್ಲವೇ ದುಡ್ಡು ಎಂದು ಗದ್ದೆಯವರು ಕೊಡುತ್ತಾರೆ. ಹಿಂದೆ ‘ನಮ್ಮ ಗದ್ದೆಗೆ ಮೊದಲು’ ಎಂದು ರೈತರು ಕರೆಯಲು ಪೈಪೋಟಿ ಮಾಡುತ್ತಿದ್ದರು. ಕುರಿಯವನು ಆಗ ಬೇಡುವವನಲ್ಲ, ಕೊಡುವವನು.

ಆ ಮರ್ಯಾದೆ ಕರಗಿದ್ದು ಒಂದು ದಿನದಲ್ಲಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು, ಆಮೇಲೆ ನಾಲೆ ಬಂತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ. ನಾಲೆ ನಮಗೆ ಅನ್ನ ಕೊಟ್ಟಿತು, ನಮ್ಮಂಥ ಹೆಣ್ಣುಮಕ್ಕಳನ್ನು ಬಿ.ಎ., ಬಿ.ಎಡ್. ಓದಿಸಿತು, ಅದನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಕಬ್ಬು ವರ್ಷವಿಡೀ ನಿಂತಿರುವ ಬೆಳೆ. ಮದ್ದೂರಿನ ಕಡೆ ಹೋಗುತ್ತ ನೋಡಿ, ಕಣ್ಣು ಹಾಯುವವರೆಗೆ ಕಬ್ಬಿದ್ದಲ್ಲಿ ಮಂದೆ ಕಾಲಿಡುವುದೆಲ್ಲಿ? ಮೂಟೆ ಗೊಬ್ಬರ ಬಂದ ಮೇಲೆ ಹಿಕ್ಕೆಗೆ ಕಾಯುವವರು ಕಡಿಮೆಯಾದರು. ಗೋಮಾಳಗಳು ಒತ್ತುವರಿಯಾದವು, ರಸ್ತೆ ಪಕ್ಕದ ಹೊಲಗಳು ಸೈಟಾದವು. ತಮ್ಮಣ್ಣ ಮಾರಲು ಹೊರಟ ಆ 5 ಎಕರೆಗೆ ನಾಳೆ ಬೇಲಿ ಬಿದ್ದರೆ ಕಾವೇರಿಯ ಮಂದೆಗೆ ಒಂದು ಇರುಳಿನ ಜಾಗ ಕಡಿಮೆ. ಎರಡು ಕಥೆಯೂ ಒಂದೇ ಮಣ್ಣಿನಲ್ಲಿವೆ. ಚಿತ್ರ ಅವನ್ನು ಅಕ್ಕಪಕ್ಕ ಇಟ್ಟಿದೆ, ಗಂಟು ಹಾಕಿಲ್ಲ.

ಚಿತ್ರದ ಮಂದೆ ನಡೆಯುವ ಮಂದೆ. ನಮ್ಮ ಸ್ವಂತದ್ದೆನ್ನುವ ಕುರಿಯ ಜಾತಿ ಬೇರೆ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಅದು ಗಿಡ್ಡ ಕಾಲಿನ, ಪೀಪಾಯಿಯಂಥ ಮೈಯ, ಮನೆ ಸುತ್ತ ಮೇಯುವ ಕುರಿ. ಪೇಟೆಯವರು ಅದನ್ನು ಬನ್ನೂರು ಕುರಿ ಅಂದರೆ ಮಳವಳ್ಳಿಯವರಿಗೆ ಈಗಲೂ ಕೋಪ ಬರುತ್ತದೆ, ಬನ್ನೂರು ತಿ. ನರಸೀಪುರ ತಾಲ್ಲೂಕಿನದು. ಅದರ ಮಾಂಸಕ್ಕೆ ಎಷ್ಟು ಹೆಸರೆಂದರೆ ಕಂಡ ಕಂಡ ಕುರಿಯೆಲ್ಲ ಬೋರ್ಡಿನಲ್ಲಿ ‘ಬನ್ನೂರು ಕುರಿ’ ಆಗಿಬಿಡುತ್ತದೆ. ಶುದ್ಧ ತಳಿ ಮಾತ್ರ ಕಡಿಮೆಯಾಗುತ್ತ ಬಂದಿದೆ. ತಳಿ ಉಳಿಸಲು ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರವಿದೆ. ಟಗರಿಗೆ ಲಕ್ಷ ರೂಪಾಯಿ ದಾಟಿದ ಸುದ್ದಿಗೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಹಾರ ಹಾಕಿಸಿಕೊಂಡವನು ಯಜಮಾನ. ಆ ಟಗರಿಗೆ ಹುಲ್ಲು ಹೊತ್ತು ತಂದವಳು ಫೋಟೊದಲ್ಲಿ ಇರುವುದಿಲ್ಲ.

ಕಾವೇರಿಯ ವಿಷಯಕ್ಕೆ ಬರಲು ಇದನ್ನೆಲ್ಲ ಹೇಳಿದೆ. ಆ ಹುಡುಗಿ ತಲೆ ತಗ್ಗಿಸಿದವಳಲ್ಲ, ಅಭಿಗೆ ಸರಿಯಾಗಿಯೇ ಉತ್ತರ ಕೊಡುತ್ತಾಳೆ, ಅಷ್ಟರಮಟ್ಟಿಗೆ ಸಂತೋಷ. ಬಡ್ಡಿಗೆ ಸಾಲ ಕೊಡುವ ಹೆಂಗಸಿನ ಪಾತ್ರವೂ ಗಟ್ಟಿಯಾಗಿದೆ. ಆದರೆ ಕಾವೇರಿಯನ್ನು ನಾವು ಹೆಚ್ಚಾಗಿ ನೋಡುವುದು ಅಭಿಯ ಕಣ್ಣಿನಿಂದ. ಬೀಡಿನ ಹೆಣ್ಣಿನ ದಿನ ಯಾವುದು? ಅಪರಿಚಿತ ಊರಿನ ಬೋರ್‌ವೆಲ್ಲಿನಿಂದ ನೀರು ತರಬೇಕು, ಮೂರು ಕಲ್ಲಿಟ್ಟು ಮುದ್ದೆ ಬೇಯಿಸಬೇಕು, ನಡೆಯಲಾರದ ಮರಿಗಳನ್ನು ನೋಡಿಕೊಳ್ಳಬೇಕು. ಮಳೆಗಾಲದ ನೀಲಿ ನಾಲಿಗೆ ರೋಗ ಬಂದರೆ ಬಾಯಿ ಊದಿದ ಕುರಿಗೆ ಗಂಜಿ ಕುಡಿಸುವವಳೂ ಅವಳೇ. ಸ್ನಾನಕ್ಕೆ ಮರೆ ಇಲ್ಲ. ಪರಊರಿನ ಪಡ್ಡೆ ಹುಡುಗರು ಸುತ್ತುತ್ತಿದ್ದರೆ ಅದು ಅವಳಿಗೆ ತಮಾಷೆಯೇ ಆಗಿರುತ್ತದೆಯೇ? ಟೀಚರ್ ಬುದ್ಧಿ ಎಂದು ನಕ್ಕರೂ ಸರಿ, ಅವಳು ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟಳೋ ಎಂದು ನಾನು ಯೋಚಿಸುತ್ತಲೇ ಇದ್ದೆ. ಬೀಡು ಕಿತ್ತ ದಿನ ಹಾಜರಿ ಪುಸ್ತಕದಲ್ಲಿ ಹೆಸರು ನಿಂತುಬಿಡುವ ಮಕ್ಕಳನ್ನು ಬಲ್ಲೆ.

ಕಳ್ಳತನದ ಭಾಗಕ್ಕೆ ಟಾಕೀಸಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಹುಡುಗರ ಹುಂಬತನ ಹಾಗಿದೆ. ಕುರಿ 5 ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುವ ಪ್ರಾಣಿ. ನಾಲ್ಕಾರು ಹೋದರೆ ಒಂದು ಮನೆಯ ವರ್ಷದ ಗಳಿಕೆಗೆ ತೂತು ಬಿತ್ತು. ಪರಊರಿನ ಸ್ಟೇಷನ್ನಿನಲ್ಲಿ ಅಲೆಮಾರಿಯ ದೂರಿಗೆ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ. ಇದು ನಗೆಯ ವಿಷಯವಲ್ಲವೆಂದು ಸರ್ಕಾರಕ್ಕೂ ಅನ್ನಿಸಿರಬೇಕು, ವಲಸೆ ಕುರಿಗಾಹಿಗಳ ಕಲ್ಯಾಣಕ್ಕೆ ಮತ್ತು ಅವರ ಮೇಲಿನ ದೌರ್ಜನ್ಯ ತಡೆಗೆಂದೇ ಒಂದು ವಿಧೇಯಕವನ್ನು 2025ರಲ್ಲಿ ನಮ್ಮ ವಿಧಾನಮಂಡಲ ಒಪ್ಪಿತು. ಚಿತ್ರ ಬಂದು 9 ವರ್ಷಕ್ಕೆ.

ನಮ್ಮ ಹಳೆಯ ಕಥೆಗಾರರು ಈ ವಿಷಯದಲ್ಲಿ ಹೆಚ್ಚು ಧಾರಾಳಿಗಳು. ಮಾದಪ್ಪನ ಕಥೆಯನ್ನು ಕಂಸಾಳೆಯವರ ಬಾಯಲ್ಲಿ ಕೇಳಿದವರಿಗೆ ಆಲಂಬಾಡಿ ಜುಂಜೇಗೌಡ ಗೊತ್ತು. ಕುರಿ ದನಗಳ ಆ ಒಡೆಯನಿಂದಲೇ ದೇವರು ಗುಡಿ ಕಟ್ಟಿಸಿಕೊಂಡ. ಅಲ್ಲಿ ಕುರಿಗಾರನಿಗೆ ಹೆಸರಿದೆ, ಆಸ್ತಿ ಇದೆ, ಹಟವಿದೆ.

ಮಳವಳ್ಳಿಯ ನನ್ನ ಗೆಳತಿಯೊಬ್ಬರು, ಅವರೂ ಟೀಚರ್, ಇದನ್ನು ಓದಿ, ‘ಅದು ಗಡ್ಡಪ್ಪನ ಸಿನಿಮಾ ಕಣ್ರೀ, ಕಾವೇರೀದಲ್ಲ. ಎಲ್ಲಾನೂ ಒಂದರಲ್ಲೇ ಕೇಳಿದ್ರೆ ಹೆಂಗೆ?’ ಅಂದರು. ಮಾತು ನಿಜ. ಆದರೂ ‘ತಿಥಿ’ ಸಾಮಾನ್ಯ ಚಿತ್ರವಾಗಿದ್ದರೆ ನಾನು ಇಷ್ಟು ಕೇಳುತ್ತಿರಲಿಲ್ಲ. ಬೆಂಕಿಯ ಹತ್ತಿರ ಅಷ್ಟು ಹೊತ್ತು ಕೂರಿಸಿದವರು ಆ ಬೆಂಕಿಗೆ ಸೌದೆ ತಂದವಳನ್ನೂ ಒಮ್ಮೆ ಮಾತಾಡಿಸಬಹುದಿತ್ತು.