ಒರೆಗಲ್ಲು ಮತ್ತು ನೀರಿನ ತೂಕ: ನಾಣ್ಯಗಳ ಲೋಹನಿರ್ಣಯ ಕುರಿತು ಒಂದು ವಿಮರ್ಶೆ

ಜಾನಪದ ಅಧ್ಯಯನ ಹಾಗೂ ನಾಣ್ಯಶಾಸ್ತ್ರಗಳೆರಡರ ಗಡಿಯಲ್ಲಿ ನಿಂತಿರುವ ವಸ್ತುಗಳಲ್ಲಿ ಹಳೆಯ ನಾಣ್ಯವೂ ಒಂದು. ನಾಣ್ಯಶಾಸ್ತ್ರಜ್ಞರು ಅದರ ಬರಹ, ಲಾಂಛನ, ಟಂಕಸಾಲೆಗಳನ್ನು ಗುರುತಿಸುತ್ತಾರೆ. ಜಾನಪದ ವಿದ್ವಾಂಸರು ಕಾಸಿನ ಸರದಲ್ಲಿ, ಲಂಬಾಣಿ ಮಹಿಳೆಯರ ಆಭರಣಗಳಲ್ಲಿ, ದೇವರ ಜಗಲಿಯ ಮೇಲೆ ಅದು ಪಡೆದುಕೊಂಡ ಅರ್ಥವನ್ನು ದಾಖಲಿಸುತ್ತಾರೆ. ಆದರೆ ಆ ನಾಣ್ಯ ಯಾವ ಲೋಹದ್ದು ಎಂಬ ಪ್ರಶ್ನೆಯನ್ನು ನಮ್ಮ ಸಂಗ್ರಹಗಳ ವಿವರಣಾ ಪಟ್ಟಿಗಳು ಬಹುಮಟ್ಟಿಗೆ ಕಣ್ಣಿಗೇ ಬಿಟ್ಟಿವೆ. ಬೆಳ್ಳಗಿದ್ದುದು ಬೆಳ್ಳಿ, ಹಳದಿಯಾಗಿದ್ದುದು ಹಿತ್ತಾಳೆ ಎಂದು ನಮೂದಾಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಸಂಗ್ರಹಿಸಿದ ನಾವೇ ಅದನ್ನು ಮರೆತಂತಾಗಿದೆ. ಈ ಹಿನ್ನೆಲೆಯಲ್ಲಿ ಸಾಂದ್ರತೆಯನ್ನು ಅಳೆದು ಲೋಹವನ್ನು ತಿಳಿಯುವ ವಿಧಾನದ ಶಕ್ತಿ ಮತ್ತು ಮಿತಿಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಧಾನ ಲೋಕದಲ್ಲಿ ಪ್ರಚಾರ ಪಡೆದದ್ದೇ ಒಂದು ಐತಿಹ್ಯದ ಮೂಲಕ. ಕ್ರಿ.ಪೂ. 212ರಲ್ಲಿ ಮಡಿದ ಆರ್ಕಿಮಿಡೀಸನು ರಾಜನ ಕಿರೀಟದ ಕಲಬೆರಕೆಯನ್ನು ತುಂಬಿ ಚೆಲ್ಲಿದ ನೀರಿನಿಂದ ಕಂಡುಹಿಡಿದನೆಂಬ ಕಥೆಯನ್ನು ಬರೆದಿಟ್ಟವನು ಸುಮಾರು ಎರಡು ಶತಮಾನಗಳ ಅನಂತರದ ವಿಟ್ರೂವಿಯಸ್. ಚೆಲ್ಲಿದ ನೀರನ್ನು ಅಳೆಯುವುದು ತೀರ ಒರಟಾದ ಕ್ರಮವೆಂದು 1586ರಲ್ಲಿ ತರುಣ ಗೆಲಿಲಿಯೋ ಆಕ್ಷೇಪಿಸಿ, ವಸ್ತುವನ್ನು ಗಾಳಿಯಲ್ಲಿಯೂ ನೀರಿನಲ್ಲಿಯೂ ತೂಗುವ ತಕ್ಕಡಿಯನ್ನು ವಿವರಿಸಿದನು. ಜನರ ನಾಲಗೆಯಲ್ಲಿ ಸ್ನಾನದ ತೊಟ್ಟಿ ಉಳಿಯಿತು, ತಕ್ಕಡಿ ಮರೆಯಾಯಿತು. ಕಥೆ ಉಳಿದು ಕಸುಬು ಕಳೆದುಹೋಗುವ ಈ ಕ್ರಮ ಜಾನಪದ ವಿದ್ಯಾರ್ಥಿಗಳಿಗೆ ಹೊಸದಲ್ಲ.

ಕ್ರಮ ಸರಳವಾದದ್ದು. ನಾಣ್ಯವನ್ನು ಮೊದಲು ಗಾಳಿಯಲ್ಲಿ, ಬಳಿಕ ದಾರದಿಂದ ನೀರಿನಲ್ಲಿ ಇಳಿಬಿಟ್ಟು ತೂಗಬೇಕು. ಗಾಳಿಯಲ್ಲಿನ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ದೊರೆಯುತ್ತದೆ. ಇದು ಚಿನ್ನಕ್ಕೆ 19.3, ಸೀಸಕ್ಕೆ 11.3, ಬೆಳ್ಳಿಗೆ 10.5, ತಾಮ್ರಕ್ಕೆ 8.96, ಸತುವಿಗೆ 7.1. ಹಳೆಯ ರೂಪಾಯಿಯನ್ನೇ ಉದಾಹರಣೆಯಾಗಿ ನೋಡಬಹುದು. 1835ರ ಮಾನದಂಡದಂತೆ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತಿದ್ದ ರೂಪಾಯಿಯಲ್ಲಿ ಶೇ. 91.7ರಷ್ಟು ಬೆಳ್ಳಿಯಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಅದನ್ನು ಶೇ. 50ಕ್ಕೆ ಇಳಿಸಿ ಉಳಿದರ್ಧವನ್ನು ತಾಮ್ರ, ನಿಕ್ಕಲ್, ಸತುಗಳಿಂದ ತುಂಬಿದರು. ತೂಕ ಮಾತ್ರ ಅಷ್ಟೇ ಉಳಿಯಿತು. ಲೆಕ್ಕ ಹಾಕಿದರೆ ಮೊದಲನೆಯದರ ಸಾಂದ್ರತೆ ಸುಮಾರು 10.3, ಎರಡನೆಯದರದು ಸುಮಾರು 9.5. ನೀರಿನಲ್ಲಿ ಮೊದಲನೆಯದು 1.13 ಗ್ರಾಂ, ಎರಡನೆಯದು 1.22 ಗ್ರಾಂ ತೂಕ ಕಳೆದುಕೊಳ್ಳುತ್ತದೆ. ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುವ ತಕ್ಕಡಿಗೆ ಈ ವ್ಯತ್ಯಾಸ ನಿಲುಕುತ್ತದೆ. ನಾಣ್ಯ ಸವೆದರೆ ಅದರ ತೂಕ ಇಳಿಯುತ್ತದೆಯೇ ಹೊರತು ಸಾಂದ್ರತೆ ಬದಲಾಗದು. ಇಸವಿ ಅಳಿಸಿಹೋದ ನಾಣ್ಯಗಳ ವಿಷಯದಲ್ಲಿ ಇದು ಸಣ್ಣ ಪ್ರಯೋಜನವಲ್ಲ.

ಇಸವಿಯನ್ನು ನಂಬಲಾಗದ ಸಂದರ್ಭದಲ್ಲಿ ಈ ಪ್ರಯೋಜನ ಇನ್ನೂ ಹೆಚ್ಚು. ಶ್ರೀರಾಮ ಪಟ್ಟಾಭಿಷೇಕದ ಚಿತ್ರವುಳ್ಳ ರಾಮಟಂಕಗಳು ಚಲಾವಣೆಯ ಹಣವಲ್ಲ, ಪೂಜೆಯ ಮುದ್ರಿಕೆಗಳು. ಅವು ಬೆಲೆಬಾಳುವ ಲೋಹಗಳಲ್ಲಿಯೂ ಅಗ್ಗದ ಲೋಹಗಳಲ್ಲಿಯೂ ದೊರೆಯುತ್ತವೆ. ಕೆಲವುಗಳ ಮೇಲಿನ ಕಾಲ ಕಲ್ಪಿತವಾದದ್ದು. ಬೆಳ್ಳಿಯ ಲೇಪವಿರುವ ಹಿತ್ತಾಳೆಯ ಟಂಕವು ನೀರಿನ ತೂಕದಲ್ಲಿ 8.5ರ ಆಸುಪಾಸಿನಲ್ಲಿ ನಿಂತು ತನ್ನ ಒಳಗನ್ನು ತಾನೇ ಹೇಳಿಬಿಡುತ್ತದೆ.

ಹಾಗೆಂದು ಈ ವಿಧಾನವನ್ನು ಸರ್ವರೋಗಕ್ಕೂ ಒಂದೇ ಮದ್ದೆಂದು ಭಾವಿಸಲಾಗದು. ಇದು ಕೊಡುವುದು ಒಂದೇ ಸಂಖ್ಯೆ. ಎರಡು ಲೋಹಗಳ ಮಿಶ್ರಣಕ್ಕೆ ಅದು ಸಾಕು, ಮೂರಕ್ಕೆ ಸಾಲದು. ಚಿನ್ನದ ನಾಣ್ಯವೊಂದರ ಸಾಂದ್ರತೆ 17.6 ಇದೆಯೆನ್ನೋಣ. ಬೆರೆತದ್ದು ತಾಮ್ರವಾದರೆ ಅದು ಶೇ. 91.7ರ ಚಿನ್ನ, ಬೆಳ್ಳಿಯಾದರೆ ಶೇ. 88.5ರ ಸುಮಾರಿನದು. ಸೀಸ ಸೇರಿದ ತಾಮ್ರವು ಬೆಳ್ಳಿಯ ಸಂಖ್ಯೆಯನ್ನು ಅನುಕರಿಸಬಲ್ಲದು, 19.25 ಸಾಂದ್ರತೆಯ ಟಂಗ್‌ಸ್ಟನ್ ಚಿನ್ನವನ್ನೇ ಅನುಕರಿಸಬಲ್ಲದು. ಅಂಟಿಕೊಂಡ ಗಾಳಿಗುಳ್ಳೆ, ಎರಕದೊಳಗಿನ ಟೊಳ್ಳು, ಸರಕ್ಕೆ ಪೋಣಿಸಲು ಬೆಸೆದ ಕೊಂಡಿ ಇವೆಲ್ಲವೂ ಫಲಿತಾಂಶವನ್ನು ಕೆಡಿಸುತ್ತವೆ.

ಅಕ್ಕಸಾಲಿಗರ ಒರೆಗಲ್ಲಿನ ಪರೀಕ್ಷೆಯನ್ನು ಕೇವಲ ರೂಢಿಯೆಂದು ತಳ್ಳಿಹಾಕುವವರು ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಒರೆಗಲ್ಲು ತೋರಿಸುವುದು ಮೇಲ್ಮೈಯನ್ನು. ಇಂದಿನ ಕ್ಷ-ಕಿರಣ ಪ್ರತಿದೀಪ್ತಿ ಯಂತ್ರವೂ ಬಹುಪಾಲು ಮೇಲ್ಮೈಯನ್ನೇ ಓದುತ್ತದೆ. ಕಡಿಮೆ ಗುಣಮಟ್ಟದ ಬೆಳ್ಳಿ ನಾಣ್ಯ ಮಣ್ಣಿನಲ್ಲಿ ಹೂತಿದ್ದಾಗ ಅಥವಾ ಹುಳಿಯಲ್ಲಿ ತೊಳೆಸಿಕೊಂಡಾಗ ಹೊರಪದರದ ತಾಮ್ರ ಕರಗಿ ಬೆಳ್ಳಿ ಉಳಿಯುತ್ತದೆ. ಆಗ ಕಲ್ಲು, ಯಂತ್ರ ಎರಡೂ ಮೋಸಹೋಗಬಹುದು. ನೀರಿನ ತೂಕವು ಇಡೀ ನಾಣ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಅದೂ ವಸ್ತುವಿಗೆ ಗಾಯ ಮಾಡದೆ. ಲೋಹಗಳ ಹೆಸರನ್ನು ಯಂತ್ರದಿಂದ, ಪ್ರಮಾಣವನ್ನು ಸಾಂದ್ರತೆಯಿಂದ, ವ್ಯವಹಾರದ ಅರ್ಥವನ್ನು ಅಕ್ಕಸಾಲಿಗರಿಂದ ತಿಳಿಯುವುದೇ ಸಮರ್ಪಕವಾದ ಮಾರ್ಗ.

ಕೊನೆಯದಾಗಿ, ಮನೆಯವರು ತಲೆಮಾರುಗಳಿಂದ ಬೆಳ್ಳಿಯೆಂದು ಪೂಜಿಸಿದ ಟಂಕ ಹಿತ್ತಾಳೆಯೆಂದು ತಿಳಿದಾಗ ಸಂಶೋಧಕನ ಹೊಣೆ ಏನು? ಪಟ್ಟಿಯಲ್ಲಿ ಬೆಳ್ಳಿ ಎಂದೇ ಬರೆದರೆ ಅಸತ್ಯ. ನಂಬಿಕೆಯನ್ನು ಅಳಿಸಿ ಹಿತ್ತಾಳೆ ಎಂದಷ್ಟೇ ಬರೆದರೆ ಅದು ಅರ್ಧಸತ್ಯ. ಲೋಹಕ್ಕೊಂದು, ನಂಬಿಕೆಗೊಂದು ಎಂದು ಎರಡು ನಮೂದುಗಳಿರಬೇಕು. ಮನೆಯವರ ಒಪ್ಪಿಗೆಯಿಲ್ಲದೆ ನಾಣ್ಯವನ್ನು ನೀರಿಗಿಳಿಸಬಾರದು. ದೊರೆತ ಫಲಿತಾಂಶವನ್ನು ಅವರಿಗೆ ತಿಳಿಸಬೇಕೇ ಎಂಬುದನ್ನು ಮೊದಲೇ ಅವರಲ್ಲಿ ಕೇಳಿಕೊಳ್ಳಬೇಕು. ಸಾಂದ್ರತೆ ಲೋಹವನ್ನು ನಿರ್ಣಯಿಸುತ್ತದೆ, ಪಾವಿತ್ರ್ಯವನ್ನಲ್ಲ. ಈ ವಿವೇಕದೊಡನೆ ಬಳಸಿದಾಗ ಒಂದು ತಕ್ಕಡಿ ಮತ್ತು ಒಂದು ಲೋಟ ನೀರು ನಮ್ಮ ವಸ್ತುಸಂಗ್ರಹಾಲಯಗಳ ಪಟ್ಟಿಗಳನ್ನು ಬಹುವಾಗಿ ತಿದ್ದಬಲ್ಲವು.