ಕಲ್ಕುಡನ ಕೈ ಮತ್ತು ಪ್ರತಿಭೆಯ ಲೆಕ್ಕ

ಕಾರ್ಕಳದ ಕಲ್ಲುಬೆಟ್ಟದ ಮೇಲೆ ನಿಂತಿರುವ ಗೊಮ್ಮಟನ ಎತ್ತರ ಸುಮಾರು 42 ಅಡಿ. 1432ರಲ್ಲಿ ಅದನ್ನು ನಿಲ್ಲಿಸಿದವನು ಭೈರರಸ ವಂಶದ ವೀರಪಾಂಡ್ಯ ಎಂದು ಶಾಸನ ಹೇಳುತ್ತದೆ. ನಮ್ಮ ಮಕ್ಕಳು ಅದನ್ನೇ ಬಾಯಿಪಾಠ ಮಾಡಿ ಮಾರ್ಕು ತೆಗೆಯುತ್ತಾರೆ. ಆದರೆ ಅರಸ ಉಳಿ ಹಿಡಿದವನಲ್ಲ. ಕೆತ್ತಿದವನು ಯಾರು ಅಂತ ಕೇಳಿದರೆ ಶಾಸನ ಬಿಟ್ಟು ಪಾಡ್ದನದ ಹತ್ತಿರ ಹೋಗಬೇಕು.

ತುಳು ಪಾಡ್ದನ ಹೇಳುವುದು ಇಷ್ಟು. ಬೀರ ಕಲ್ಕುಡನೆಂಬ ಕಲ್ಲುಕುಟಿಗ ಕಾರ್ಕಳಕ್ಕೆ ಬಂದು ಗೊಮ್ಮಟನನ್ನು ಕೆತ್ತಿದ. ಅರಸನಿಗೆ ಬಹಳ ಸಂತೋಷವಾಯಿತು. ಸಂತೋಷಪಟ್ಟ ಅರಸ ಏನು ಮಾಡಿದ? ಇಂಥದ್ದನ್ನು ಇವನು ಇನ್ನೊಬ್ಬನ ಸೀಮೆಯಲ್ಲಿ ಕೆತ್ತಬಾರದು ಅಂತ ಅವನ ಎಡಗೈ, ಬಲಗಾಲು ಕಡಿಸಿದ. ಕಲ್ಕುಡ ಅಲ್ಲೇ ಬಿದ್ದು ಸಾಯಲಿಲ್ಲ. ವೇಣೂರಿನ ಅಜಿಲರಸನ ಸೀಮೆಗೆ ಹೋಗಿ, ಉಳಿದ ಒಂದು ಕೈ ಒಂದು ಕಾಲಿನಲ್ಲೇ ಅಲ್ಲಿಯೂ ಗೊಮ್ಮಟನನ್ನು ಎಬ್ಬಿಸಿದ. ಆಮೇಲೆ ಅವನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಕಾರ್ಕಳದ ಅರಸನ ನಿದ್ದೆ ಕೆಡಿಸಿದರು. ಪಾಡ್ದನಕ್ಕೆ ಪಾಠಾಂತರಗಳು ಹಲವು. ಬರ್ನೆಲ್ ಸಂಗ್ರಹಿಸಿದ ತುಳು ಪಾಡ್ದನಗಳು 1894ರಿಂದ 1897ರವರೆಗೆ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚಾದಾಗ ಈ ಕಥೆಯೂ ಅದರಲ್ಲಿ ಬಂತು. ಕಡಿದ ಕೈ ಮಾತ್ರ ಎಲ್ಲ ಪಾಠಗಳಲ್ಲೂ ಉಂಟು.

ಪಂಡಿತರು ನಗುತ್ತಾರೆ. ವೇಣೂರಿನ ಗೊಮ್ಮಟ ನಿಂತದ್ದು 1604ರಲ್ಲಿ. 1432ರಲ್ಲಿ ಕೈ ಕಳಕೊಂಡವನು 172 ವರ್ಷ ಬದುಕಿ ಇನ್ನೊಂದು ಕೆತ್ತಿದನೇ? ಸರಿ, ಇಸವಿಯ ಲೆಕ್ಕದಲ್ಲಿ ಪಾಡ್ದನ ಸೋಲುತ್ತದೆ. ಆದರೆ ಪಾಡ್ದನ ಇಸವಿ ಹೇಳಲಿಕ್ಕೆ ಹೊರಟದ್ದಲ್ಲ. ಪ್ರತಿಭೆಯನ್ನು ಒಡೆಯ ಹೇಗೆ ಗುರುತಿಸುತ್ತಾನೆ ಅನ್ನುವುದನ್ನು ಹೇಳಲಿಕ್ಕೆ ಹೊರಟದ್ದು. ಕಲ್ಕುಡನಲ್ಲಿ ಸಾಮರ್ಥ್ಯ ಇಲ್ಲ ಅಂತ ಅರಸ ಹೇಳಲಿಲ್ಲ. ಇದೆ ಅಂತ ಚೆನ್ನಾಗಿ ಗೊತ್ತಿದ್ದೇ ಕೈ ಕಡಿಸಿದ. ಏಕಲವ್ಯನ ಹೆಬ್ಬೆರಳಿಗಾಗಿ ನಾವು ಹಸ್ತಿನಾಪುರದವರೆಗೆ ಹೋಗಬೇಕಾಗಿಲ್ಲ. ಉಡುಪಿಯಿಂದ ಬಸ್ಸು ಹತ್ತಿದರೆ ಕಾರ್ಕಳದಲ್ಲೇ ಸಿಗುತ್ತದೆ.

ನಮ್ಮ ವಿಮರ್ಶೆಯಲ್ಲಿ 'ಪ್ರತಿಭೆ' ಅನ್ನುವ ಮಾತು ದೇವರ ಪ್ರಸಾದದ ಹಾಗೆ ಓಡಾಡುತ್ತದೆ. ಎಪ್ಪತ್ತರ ದಶಕದಲ್ಲಿ ಹೊಲೆಮಾದಿಗರ ಹುಡುಗರು ಪೆನ್ನು ಹಿಡಿದಾಗ ಮೊದಲು ಕೇಳಿದ್ದು ಇದನ್ನೇ: ಸಿಟ್ಟು ಇದೆ ಸರಿ, ಪ್ರತಿಭೆ ಇದೆಯಾ? ಕೇಳಿದವರ ಹತ್ತಿರ ಅಳೆಯುವ ಕೋಲು ಎಲ್ಲಿಂದ ಬಂತು ಅಂತ ನಾವು ತಿರುಗಿ ಕೇಳಬೇಕು.

ಕೋಲು ಹಳೆಯದು. ಕಾವ್ಯದ ಬೀಜ ಹಿಂದಿನ ಜನ್ಮದಿಂದ ಬಂದ ಸಂಸ್ಕಾರ ಅಂತ ವಾಮನ ಹೇಳಿದ. ಆ ಬೀಜರೂಪದ ಶಕ್ತಿ ಇಲ್ಲದೆ ಬರೆದರೆ ಕಾವ್ಯ ನಗೆಪಾಟಲಾಗುತ್ತದೆ ಅಂತ ಮಮ್ಮಟ ಹೇಳಿದ. ಹಿಂದಿನ ಜನ್ಮದ ಪುಣ್ಯದಿಂದ ಪ್ರತಿಭೆ, ಹಿಂದಿನ ಜನ್ಮದ ಪಾಪದಿಂದ ಹೊಲಗೇರಿ. ಎರಡೂ ಒಂದೇ ಪುರೋಹಿತನ ಒಂದೇ ಲೆಕ್ಕದ ಪುಸ್ತಕ. ಎಲ್ಲರೂ ಹೀಗೆ ಹೇಳಲಿಲ್ಲ ಅನ್ನುವುದನ್ನೂ ನೆನಪಿಡಬೇಕು. ಹುಟ್ಟುಪ್ರತಿಭೆ ಇಲ್ಲದಿದ್ದರೂ ಓದು ಮತ್ತು ಬಿಡದ ದುಡಿಮೆಯಿಂದ ವಾಣಿ ಒಲಿಯುತ್ತಾಳೆ ಅಂತ ದಂಡಿ ಒಪ್ಪಿದ್ದ. ದಂಡಿಯ ದಾರಿ ಹಿಡಿದ ನಮ್ಮ ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವಂತೂ, ಓದು ಕಲಿಯದವರಿಗೂ ಕಾವ್ಯ ಕಟ್ಟುವ ಜಾಣತನ ಉಂಟು ಅಂತ ಕನ್ನಡದ ಜನರನ್ನು ಮೆಚ್ಚಿತು. ನಮ್ಮ ವಿಮರ್ಶಕರು ದಂಡಿಯನ್ನು ಬಿಟ್ಟು ಮಮ್ಮಟನನ್ನು ಹಿಡಿದದ್ದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ.

ಪೂರ್ವಜನ್ಮವನ್ನು ನಂಬದ ಬಿಳಿಯರು ಅದೇ ಕೋಲಿಗೆ ಬೇರೆ ಹೆಸರಿಟ್ಟರು. 1869ರಲ್ಲಿ ಗಾಲ್ಟನ್ ಇಂಗ್ಲೆಂಡಿನ ಜಡ್ಜುಗಳ, ದೊಡ್ಡ ಮನುಷ್ಯರ ವಂಶಾವಳಿ ಎಣಿಸಿ, ಜಡ್ಜುಗಳ ಮನೆಯಲ್ಲಿ ಜಡ್ಜುಗಳು ಹೆಚ್ಚು, ಆದ್ದರಿಂದ ಮೇಧಾವಿತನ ರಕ್ತದಲ್ಲಿ ಬರುತ್ತದೆ ಅಂದ. ಜಡ್ಜನ ಮಗನಿಗೆ ರಕ್ತದ ಜೊತೆ ಮನೆ, ಮೇಷ್ಟ್ರು, ಪುಸ್ತಕ, ಪರಿಚಯದವರು ಎಲ್ಲ ಬಂದದ್ದು ಅವನ ಲೆಕ್ಕದಲ್ಲಿ ಹಗುರವಾಗಿ ಹೋಯಿತು. 1905ರಲ್ಲಿ ಪ್ಯಾರಿಸ್ಸಿನ ಬಿನೆ ಬುದ್ಧಿಪರೀಕ್ಷೆ ಮಾಡಿದ್ದು ಹಿಂದೆ ಬಿದ್ದ ಮಕ್ಕಳಿಗೆ ಸಹಾಯ ಕೊಡಲಿಕ್ಕೆ. ಬುದ್ಧಿ ಬೆಳೆಯುವುದೇ ಇಲ್ಲ ಅನ್ನುವವರನ್ನು ಅವನೇ ಬೈದಿದ್ದ. ಆ ಪರೀಕ್ಷೆ ಅಮೆರಿಕಕ್ಕೆ ಹೋದದ್ದೇ ತಡ, ಹುಟ್ಟಿನ ಬುದ್ಧಿಯನ್ನು ಅಳೆಯುವ ತಕ್ಕಡಿಯಾಯಿತು. ಟರ್ಮನ್ 1921ರಲ್ಲಿ ಮೇಧಾವಿ ಮಕ್ಕಳನ್ನು ಆರಿಸಲು ಜರಡಿ ಹಿಡಿದ. ಆ ಜರಡಿಯಿಂದ ಕೆಳಗೆ ಬಿದ್ದವರಲ್ಲಿ ಷಾಕ್ಲಿ ಒಬ್ಬ. ಅವನಿಗೆ 1956ರಲ್ಲಿ ನೊಬೆಲ್ ಬಂತು. ಚೋದ್ಯ ಏನೆಂದರೆ, ಜರಡಿ ತನ್ನನ್ನೇ ಗುರುತಿಸದಿದ್ದರೂ ಅವನು ಮುಂದೆ ಅದೇ ಜರಡಿ ಹಿಡಿದು ಕರಿಯರಿಗೆ ಹುಟ್ಟಿನಲ್ಲೇ ಬುದ್ಧಿ ಕಡಿಮೆ ಅಂತ ಹೇಳಿಕೊಂಡು ತಿರುಗಿದ.

ಇನ್ನು ನಮ್ಮ ಊರಿಗೆ ಬರೋಣ. ತುಳುನಾಡಿನಲ್ಲಿ ದೈವ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು. ಕಲ್ಕುಡ ಕಸುಬಿನ ಜಾತಿಯವನಾದರೂ ಅವನಂಥವರ ಕಥೆಗಳನ್ನು ಇವತ್ತಿನವರೆಗೆ ಹೊತ್ತು ತಂದವರು ಇವರು, ಇವರ ಮನೆಯ ತೆಂಬರೆ ಹಿಡಿದ ಹೆಂಗಸರು ಮತ್ತು ಗದ್ದೆಯಲ್ಲಿ ನೇಜಿ ನೆಡುತ್ತಾ ಹಾಡಿದ ಹೆಂಗಸರು. ರಾತ್ರಿ ಇಡೀ ಹಾಡುವ ಪಾಡ್ದನ, ಮುಖದ ಬಣ್ಣ, ತಿರಿಯ ಅಣಿ, ಹೆಜ್ಜೆ, ನುಡಿಕಟ್ಟು ಇಷ್ಟನ್ನೂ ಕಲಿಯಲಿಕ್ಕೆ ಒಂದು ಹುಡುಗನ ಬಾಲ್ಯ ಪೂರ್ತಿ ಬೇಕು. ಆದರೆ ಕೇಳಿ ನೋಡಿ: "ಅದೆಲ್ಲ ಅವರ ರಕ್ತದಲ್ಲೇ ಉಂಟು ಮಾರಾಯ್ರೆ, ಕಲೀಲಿಕ್ಕೆ ಎಂತ ಉಂಟು?" ರಾತ್ರಿ ಅವನ ಬಾಯಿಂದ ಬಂದ ಮಾತು ದೈವದ್ದು, ಬೆಳಗಾದ ಮೇಲೆ ಅಂಗಳದ ಹೊರಗೆ ನಿಂತವನು ಮಾತ್ರ ಅವನು. ಸಾಮರ್ಥ್ಯ ದೈವದ ಲೆಕ್ಕಕ್ಕೆ, ಜಾತಿ ಅವನ ಲೆಕ್ಕಕ್ಕೆ.

ಇದೇ ನಾನು ಹೇಳಬೇಕಾಗಿರುವ ಮಾತು. ಮೇಲಿನವನು ತಲೆಮಾರುಗಳಿಂದ ಕೂಡಿಟ್ಟ ಓದು, ದುಡ್ಡು, ಬಿಡುವು ಇವುಗಳ ಫಲಕ್ಕೆ ಹುಟ್ಟುಪ್ರತಿಭೆ ಅಂತ ಹೆಸರು. ಕೆಳಗಿನವನು ಬೆವರು ಸುರಿಸಿ ಕಲಿತ ವಿದ್ಯೆಗೆ ಕುಲಕಸುಬು ಅಂತ ಹೆಸರು. ಒಬ್ಬನ ಗಳಿಕೆ ಅವನ ಗುಣವಾಗುತ್ತದೆ. ಇನ್ನೊಬ್ಬನ ಗಳಿಕೆ ಅವನ ಜಾತಿಯಾಗುತ್ತದೆ.

ಬಾಯಿಪಾಠವಲ್ಲವೇ, ಅದರಲ್ಲಿ ಪ್ರತಿಭೆ ಎಲ್ಲಿ ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಪಕ್ಕದ ಬೆಳ್ತಂಗಡಿ ತಾಲ್ಲೂಕಿನ ಮಾಚಾರು ಗೋಪಾಲ ನಾಯ್ಕರು 1990ರಲ್ಲಿ ಸಿರಿ ಮಹಾಕಾವ್ಯವನ್ನು ಹಾಡಿದರು. ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಇವರು ಸೇರಿ ದಾಖಲಿಸಿದಾಗ ಬಂದದ್ದು 15,683 ಸಾಲು. ಹೋಮರನ ಇಲಿಯಡ್ ಕೂಡ ಹತ್ತಿರ ಹತ್ತಿರ ಅಷ್ಟೇ. ಅದಕ್ಕೂ ಮೊದಲು ಇದೇ ಕಾವ್ಯವನ್ನು ಅವರು ಹೇಳಿ ಬರೆಸಿದ್ದಾಗ ಸುಮಾರು ಎಂಟೂವರೆ ಸಾವಿರ ಸಾಲು ಆಗಿತ್ತು. ಅಂದರೆ ಇದು ಗಿಳಿಪಾಠ ಅಲ್ಲ. ಹಾಡುವ ಗಳಿಗೆಯಲ್ಲಿ ಕಾವ್ಯ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಹೊಸಹೊಸದಾಗಿ ಹೊಳೆಯುವುದೇ ಪ್ರತಿಭೆ ಅಂತ ಕಾಶ್ಮೀರದ ಪಂಡಿತರು ಕೊಟ್ಟ ಲಕ್ಷಣ ಇಲ್ಲಿ ಅಕ್ಷರಶಃ ಕೂರುತ್ತದೆ. ಅದಕ್ಕೆ ಫಿನ್ಲೆಂಡಿನವರು ಬಂದು ಸಾಲು ಎಣಿಸಬೇಕಾಯಿತು.

ಕೊರಗರ ವಿಷಯ ಇನ್ನೂ ಕಠೋರ. ಕಾಡಿನ ಬೀಳಿನಿಂದ ಅವರು ಹೆಣೆದ ಬುಟ್ಟಿ ಇಲ್ಲದೆ ಯಾವ ಬಂಟರ, ಬ್ರಾಹ್ಮಣರ ಮನೆಯ ಅಂಗಳವೂ ನಡೆಯುತ್ತಿರಲಿಲ್ಲ. ಅವರ ಡೋಲು ಇಲ್ಲದೆ ಕಂಬಳ ಇಲ್ಲ, ಜಾತ್ರೆ ಇಲ್ಲ. ಇಷ್ಟು ಕೈಚಳಕ, ಇಷ್ಟು ತಾಳಜ್ಞಾನ ಇದ್ದ ಜನರಿಗೆ ಉಳ್ಳವರು ಕೊಟ್ಟ ಮರ್ಯಾದೆ ಏನು? ಕೂದಲು, ಉಗುರು ಬೆರೆಸಿದ ಅನ್ನ ಉಣ್ಣಿಸಿ ತಮ್ಮ ಪೀಡೆಯನ್ನು ಅವರ ತಲೆಗೆ ಕಟ್ಟುವ ಅಜಲು. ಅದನ್ನು ನಿಷೇಧಿಸುವ ಕಾಯಿದೆ ಬರಲಿಕ್ಕೆ 2000ನೇ ಇಸವಿ ಆಗಬೇಕಾಯಿತು. ಅರಸ ಕಲ್ಕುಡನ ಕೈಯನ್ನು ಒಂದೇ ಏಟಿಗೆ ಕಡಿದ. ಅಜಲು ತಲೆಮಾರುಗಳ ಕಾಲ ದಿನಕ್ಕಿಷ್ಟು ಕಡಿಯಿತು.

ಉಡುಪಿಯ ಕನಕನ ಕಿಂಡಿಯನ್ನೂ ಈ ಕಣ್ಣಿನಿಂದ ನೋಡಬೇಕು. ಕುರುಬರ ಕನಕನ ಹಾಡು ಕೇಳಿ ಕೃಷ್ಣನೇ ತಿರುಗಿದ, ಗೋಡೆ ಬಿರಿಯಿತು ಅನ್ನುವುದು ಕಥೆ. ಭಕ್ತರು ಅದರಲ್ಲಿ ಭಕ್ತಿ ಕಾಣುತ್ತಾರೆ. ನನಗೆ ಕಾಣುವುದು ಬಾಗಿಲು. ದೇವರು ತಿರುಗಿದ ಕಥೆ ಇದೆಯೇ ಹೊರತು ಬಾಗಿಲು ತೆರೆದ ಕಥೆ ಇಲ್ಲ. ಕೆಳಗಿನವನ ಪ್ರತಿಭೆಗೆ ಪವಾಡದ ಸರ್ಟಿಫಿಕೇಟು ಬೇಕು. ಮೇಲಿನವನಿಗೆ ಜನಿವಾರ ಸಾಕು.

ಪೂರ್ವಜನ್ಮ ಹೋಗಿ ರಕ್ತ ಬಂತು, ರಕ್ತ ಹೋಗಿ ಈಗ ಮೆರಿಟ್ ಬಂದಿದೆ. ಮಣಿಪಾಲದ ಬರಡು ಗುಡ್ಡದ ಮೇಲೆ ಟಿ.ಎಂ.ಎ. ಪೈ ಅವರು 1953ರಲ್ಲಿ ಮೆಡಿಕಲ್ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಕಟ್ಟಿದರು. ಆಸ್ಪತ್ರೆಯಿಂದ ನಮ್ಮ ಜನರಿಗೂ ಉಪಕಾರ ಆಗಿದೆ. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶ ಅಲ್ಲ. ಪ್ರಶ್ನೆ ಒಂದು ಸಂಸ್ಥೆಯದ್ದಲ್ಲ, ರಾಜ್ಯದಾದ್ಯಂತ ಬೆಳೆದ ಪದ್ಧತಿಯದ್ದು. ಸೀಟಿಗೆ ಹಣ ಕಟ್ಟಿಸಿಕೊಳ್ಳುವುದನ್ನು ತಡೆಯಲು ಸರ್ಕಾರ 1984ರಲ್ಲಿ ಕಾಯಿದೆ ತರಬೇಕಾಯಿತು. 1992ರ ಮೋಹಿನಿ ಜೈನ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಲೆಕ್ಕ ಹೀಗಿತ್ತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಕೇಸಿನಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ಖಾಸಗಿ ಕಾಲೇಜುಗಳಿಗೆ ಶುಲ್ಕ, ಪ್ರವೇಶದಲ್ಲಿ ಹೆಚ್ಚು ಸ್ವಾತಂತ್ರ್ಯ ಒಪ್ಪಿತು, ಮೆರಿಟ್ ಬಿಡಬಾರದು ಅಂತಲೂ ಹೇಳಿತು. ನನಗೆ ಅರ್ಥವಾಗದ್ದು ಒಂದೇ. ಅಪ್ಪನ ದುಡ್ಡು ಸೀಟು ಕೊಂಡಾಗ ಮೆರಿಟ್ ಸತ್ತಿತು ಅಂತ ಯಾರೂ ಬೀದಿಗೆ ಇಳಿಯಲಿಲ್ಲ. 1990ರಲ್ಲಿ ಮಂಡಲ್ ವರದಿ ಜಾರಿಗೆ ಬರುತ್ತದೆ ಅಂದ ಕೂಡಲೇ ಇಳಿದರು.

ಇದೇ ಕರ್ನಾಟಕದ ಮೀಸಲಾತಿಯ ಕೇಸಿನಲ್ಲಿ, 1985ರಲ್ಲಿ, ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಸರಿಯಾದ ಪ್ರಶ್ನೆ ಎತ್ತಿದ್ದರು. ಪುಸ್ತಕ ಇಲ್ಲದ, ಹೇಳಿಕೊಡುವವರಿಲ್ಲದ ಗುಡಿಸಲಿನ ಮಗು ನೂರಕ್ಕೆ 40 ತೆಗೆದರೆ, ಎಲ್ಲ ಸೌಕರ್ಯ ಇರುವ ಮಗುವಿನ 70ಕ್ಕಿಂತ ಅದು ಗಟ್ಟಿ ಅಲ್ಲವೇ ಅಂತ.

ವಿಜ್ಞಾನ ಏನು ಹೇಳುತ್ತದೆ ಅಂತ ಕೇಳುವ ಗೆಳೆಯರಿಗೆ ನಮ್ಮ ಗದ್ದೆಯ ಭಾಷೆಯಲ್ಲೇ ಹೇಳಬಹುದು. ಅಮೆರಿಕದ ಜೀವವಿಜ್ಞಾನಿ ಲೆವಾಂಟಿನ್ 1970ರಲ್ಲಿ ಕೊಟ್ಟ ದೃಷ್ಟಾಂತ ಇದು. ಒಂದೇ ಮೂಟೆಯ ಬೀಜವನ್ನು ಅರ್ಧ ನೀರು ನಿಲ್ಲುವ ಬೈಲು ಗದ್ದೆಗೆ, ಅರ್ಧ ಮಳೆ ನಂಬಿದ ಬೆಟ್ಟು ಗದ್ದೆಗೆ ಬಿತ್ತಿ. ಬೈಲಿನ ಒಳಗೇ ಒಂದು ತೆನೆ ದೊಡ್ಡದು ಒಂದು ಸಣ್ಣದು ಆದರೆ ಅದು ಬೀಜದ ಗುಣ ಇರಬಹುದು. ಆದರೆ ಬೈಲಿಗೂ ಬೆಟ್ಟಿಗೂ ಇರುವ ಅಂತರ ನೀರಿನದ್ದು, ಗೊಬ್ಬರದ್ದು. ಮನುಷ್ಯ ಮನುಷ್ಯನ ನಡುವೆ ಸಾಮರ್ಥ್ಯದ ವ್ಯತ್ಯಾಸ ಇಲ್ಲ ಅಂತ ನಾವು ಹೇಳುತ್ತಿಲ್ಲ. ಅದನ್ನು ಹಿಡಿದು ಕೇರಿಗೂ ಅಗ್ರಹಾರಕ್ಕೂ ಇರುವ ಅಂತರಕ್ಕೆ ಬೀಜದ ಹೆಸರು ಹೇಳಬೇಡಿ ಅಂತ ಹೇಳುತ್ತಿದ್ದೇವೆ.

ಇನ್ನೊಂದು ಪ್ರಯೋಗವನ್ನು ಹಳ್ಳಿಯ ಮೇಷ್ಟ್ರುಗಳು ಮುಖ್ಯವಾಗಿ ಗಮನಿಸಬೇಕು. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಅನ್ನುವವರು ಉತ್ತರಪ್ರದೇಶದ ಹಳ್ಳಿಗಳಲ್ಲಿ 321 ಮೇಲ್ಜಾತಿಯ, 321 ಕೆಳಜಾತಿಯ ಹುಡುಗರಿಗೆ ದಾರಿ ಹುಡುಕುವ ಚಿತ್ರದ ಒಗಟು ಬಿಡಿಸಲು ಕೊಟ್ಟರು. ವರದಿ ಬಂದದ್ದು 2004ರಲ್ಲಿ. ಜಾತಿ ಹೇಳದೆ ಕೊಟ್ಟಾಗ ಎರಡೂ ಕಡೆಯ ಹುಡುಗರು ಒಂದೇ ಸಮ ಬಿಡಿಸಿದರು. ಎಲ್ಲರ ಎದುರು ಹೆಸರಿನ ಜೊತೆ ಜಾತಿ ಓದಿ ಹೇಳಿದಾಗ ಕೆಳಜಾತಿಯ ಹುಡುಗರು ಹಿಂದೆ ಬಿದ್ದರು. ಅದೇ ತಲೆ, ಅದೇ ಕೈ, ಅದೇ ಒಗಟು. ಬದಲಾದದ್ದು ಕೂಗಿ ಹೇಳಿದ ಒಂದು ಮಾತು. ಸ್ಕಾಲರ್‌ಶಿಪ್ ಪಟ್ಟಿ ಹಿಡಿದು "ಎಸ್ಸಿ ಮಕ್ಕಳು ಎದ್ದು ನಿಲ್ಲಿ" ಅನ್ನುವ ಮೇಷ್ಟ್ರ ಕೈಯಲ್ಲಿ ಕತ್ತಿ ಇಲ್ಲದಿರಬಹುದು. ಕಡಿಯುವ ಕೆಲಸ ಮಾತ್ರ ಆಗಿಬಿಡುತ್ತದೆ.

ಇಂದಿನ ಕಾಪು ತಾಲ್ಲೂಕಿನ ಅದಮಾರಿನಲ್ಲಿ 1932ರಲ್ಲಿ ಯು.ಆರ್. ರಾವ್ ಹುಟ್ಟಿದರು. ಉಡುಪಿಯಲ್ಲಿ ಓದಿದ ಆ ಹುಡುಗ 1975ರಲ್ಲಿ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದವರ ಮುಂದಾಳು. ಅವರ ಸಾಮರ್ಥ್ಯದ ಬಗ್ಗೆ ಎರಡು ಮಾತಿಲ್ಲ. ಅದೇ 1932ರಲ್ಲಿ ಯರವಾಡ ಜೈಲಿನಲ್ಲಿ ಬಾಬಾಸಾಹೇಬರು ಪೂನಾ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಇದೇ ಜಿಲ್ಲೆಯಲ್ಲಿ ಅಸ್ಪೃಶ್ಯ ಮಕ್ಕಳಿಗಾಗಿ ಕುದ್ಮುಲ್ ರಂಗರಾಯರು 1890ರ ದಶಕದಲ್ಲೇ ಬೇರೆ ಶಾಲೆ ತೆರೆಯಬೇಕಾಗಿತ್ತು. ಆ ವರ್ಷ ಇದೇ ಕರಾವಳಿಯ ಮೂಲದ ಹೊಲದಾಳಿನ ಮನೆಯಲ್ಲಿ ಹುಟ್ಟಿ, ನಕ್ಷತ್ರ ನೋಡುತ್ತಾ ಯೋಚಿಸಿದ ಮಗು ಇರಲಿಲ್ಲ ಅಂತ ಯಾರು ಹೇಳಬಲ್ಲರು? ಅದರ ಹೆಸರು ನಮಗೆ ಸಿಗದಂತೆ ಮಾಡಿದ್ದು ಯಾವ ಬೀಜ?

ಕೊನೆಗೆ ನಮ್ಮವರಿಗೂ ಒಂದು ಮಾತು. ನಮ್ಮ ವೇದಿಕೆಗಳಲ್ಲಿಯೂ "ಡೋಲು ನಮ್ಮ ರಕ್ತದಲ್ಲೇ ಇದೆ" ಅನ್ನುವುದು ಕೇಳಿಬರುತ್ತದೆ. ಹೆಮ್ಮೆಯ ಮಾತು ಹೌದು, ಆದರೆ ಇದು ಗಾಲ್ಟನ್ನನ ಮಾತು. ಡೋಲು ರಕ್ತದಲ್ಲಿದ್ದರೆ ಪುಸ್ತಕ ಇನ್ನೊಬ್ಬರ ರಕ್ತದಲ್ಲಿದೆ ಅಂತಲೂ ಒಪ್ಪಬೇಕಾಗುತ್ತದೆ. ಹಾಗೆಯೇ "ಅಂಬೇಡ್ಕರ್ ಓದ್ಲಿಲ್ವಾ? ಪ್ರತಿಭೆ ಇದ್ರೆ ಯಾರೂ ತಡೀಲಿಕ್ಕೆ ಆಗುದಿಲ್ಲ" ಅಂತ ನಮ್ಮ ಬಾಯಿ ಮುಚ್ಚಿಸುವವರಿದ್ದಾರೆ. ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದು ಬರೋಡಾದ ವಿದ್ಯಾರ್ಥಿವೇತನದಿಂದ. ಅಂಥ ಬುದ್ಧಿಗೂ ಹಡಗಿನ ಚಾರ್ಜು ಬೇಕಾಗಿತ್ತು. ಒಬ್ಬರನ್ನು ಮಹಾಪ್ರತಿಭೆ ಅಂತ ಪೀಠಕ್ಕೆ ಏರಿಸಿ, ಉಳಿದ ಲಕ್ಷ ಮಕ್ಕಳನ್ನು ದಡ್ಡರೆಂದು ಕೂರಿಸುವ ಹುನ್ನಾರಕ್ಕೆ ನಾವು ಸಾಕ್ಷಿ ಆಗಬಾರದು.

ಪಾಡ್ದನದ ಕಲ್ಕುಡ ಒಂದು ಕೈಯಲ್ಲಿ ಗೊಮ್ಮಟ ಕೆತ್ತಿದ ಅಂತ ಚಪ್ಪಾಳೆ ತಟ್ಟುವುದು ಸುಲಭ. ಆ ಚಪ್ಪಾಳೆಯಲ್ಲಿ ಅರಸನ ಕತ್ತಿ ಮರೆತುಹೋಗುತ್ತದೆ. ಬಡತನದಲ್ಲಿ ಅರಳಿದ ಪ್ರತಿಭೆ ಅಂತ ವರ್ಷವರ್ಷವೂ ರಿಸಲ್ಟಿನ ದಿನ ಪೇಪರಿನವರು ಫೋಟೋ ಹಾಕುತ್ತಾರಲ್ಲ, ಅದೂ ಇದೇ ಚಪ್ಪಾಳೆ. ಒಂಟಿ ಕೈಯ ಸಾಹಸ ನಮಗೆ ಸಾಕಾಗಿದೆ. ನಮ್ಮ ಮಕ್ಕಳಿಗೆ ಎರಡೂ ಕೈ ಇರಲಿ. ಆಮೇಲೆ ಯಾರು ಎಷ್ಟು ಎತ್ತರ ಕೆತ್ತುತ್ತಾರೆ ನೋಡೋಣ.